ತೆಗೆದಿಟ್ಟ ಮೊಣಕಾಲು

ಮೊಣಕಾಲೊಳಗಿನ ಮೃದ್ವಸ್ಥಿಯ ಜೀವಕೋಶಗಳು ಏನು ಮಾಡುತ್ತವೆ ಎಂದು ನೋಡುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಕಸಾಯಿಖಾನೆಯಿಂದ ಕುರಿಯ ಕೀಲು ತಂದು ಲ್ಯಾಬಿನಲ್ಲಿ ಕೋಶ ಬೆಳೆಸುತ್ತೇನೆ. ಮೊಟ್ಟೆಯನ್ನೂ ಮುಟ್ಟದ ನಮ್ಮ ಮನೆಯವರಿಗೆ ಅದನ್ನು ಹೇಳಿಲ್ಲ. ಎರಡು ಎಲುಬುಗಳ ನಡುವಿನ ಆ ಮೆತ್ತನೆಯ ಪದರ ಬರೀ ತಿಕ್ಕಾಟದಿಂದ ಹಾಳಾಗುವುದಿಲ್ಲ, ಒಳಗಿನ ಕೋಶಗಳೇ ಕೆಟ್ಟು ಅದನ್ನು ಕರಗಿಸತೊಡಗುತ್ತವೆ ಎಂದು ದೇಶವಿದೇಶ ತಿರುಗಿ ಹೇಳಿದ್ದೇನೆ. ನಮ್ಮ ಹಾವೇರಿ ಜಿಲ್ಲೆಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಇಲ್ಲಿ ಮೊಣಕಾಲು ಸವೆಯುತ್ತದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಸವದಾವ್ರೀ" ಎನ್ನುತ್ತಾರೆ. ಬ್ಯಾಡಗಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೂ ಅದನ್ನೇ ಹೇಳುತ್ತಾರೆ. ಒಮ್ಮೆ ಹಾವೇರಿಯ ಕಾಲೇಜೊಂದರಲ್ಲಿ ಭಾಷಣ ಮಾಡಿ, ದಯವಿಟ್ಟು ಆ ಶಬ್ದ ಬಿಡಿ ಎಂದು ಕೈಮುಗಿದೆ. ವಂದಿಸಲು ಬಂದ ಪ್ರಾಧ್ಯಾಪಕರು, ಸವೆದ ಮೊಣಕಾಲುಗಳ ಬಗ್ಗೆ ಇಷ್ಟು ಸೊಗಸಾಗಿ ತಿಳಿಸಿಕೊಟ್ಟದ್ದಕ್ಕೆ ನನಗೆ ಶಾಲು ಹೊದಿಸಿದರು.

ಆ ಶಬ್ದ ರಾಣೆಬೆನ್ನೂರಿನ ನಮ್ಮ ದೊಡ್ಡಪ್ಪನ ಮನೆ ಹೊಕ್ಕಾಗ ನನ್ನ ನಗು ನಿಂತಿತು. ಬೀಜದ ಅಂಗಡಿಯವರ ಮನೆ ಅದು. ಹೊಸದನ್ನು ಹಾಗೇ ಬಳಸುವ ಪದ್ಧತಿ ಅಲ್ಲಿಲ್ಲ. ಸೋಫಾ ತಂದು ಎಷ್ಟೋ ವರ್ಷವಾದರೂ ಎಲ್ಲರೂ ಕೂರುವುದು ಅದರ ಪ್ಲಾಸ್ಟಿಕ್ ಹಾಳೆಯ ಮೇಲೆ. ಒಳ್ಳೆಯ ಇಳಕಲ್ ಸೀರೆಗಳು ಟ್ರಂಕಿನೊಳಗೇ ಮಡಿಕೆಗುಂಟ ಹರಿದಿವೆ. ಸವೆಯುವ ವಸ್ತುವನ್ನು ಅಂಥ ಮನೆಯಲ್ಲಿ ತೆಗೆದಿಡುತ್ತಾರೆ. ನಮ್ಮ ದೊಡ್ಡವ್ವ ತನ್ನ ಮೊಣಕಾಲುಗಳನ್ನು ತೆಗೆದಿಟ್ಟಳು. ಪಡಸಾಲೆಯ ಕುರ್ಚಿ ಹಿಡಿದವಳು ಮೊದಲು ಸಂತೆ ಬಿಟ್ಟಳು, ಆಮೇಲೆ ಅಂಗಳ, ಆಮೇಲೆ ಅಡುಗೆಮನೆ. ಮೊನ್ನೆ ಹೋದಾಗ ತೊಡೆಗಳು ಸೊರಗಿ ಕಡ್ಡಿಯಾಗಿದ್ದವು. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾಳೆ ಎಂದು ಗೊತ್ತಾಗಿ ಹೆದರಿದೆ.

"ಕುಂತಷ್ಟೂ ಕೆಡ್ತೈತಿ ದೊಡ್ಡವ್ವ. ದಿನಾ ಸ್ವಲ್ಪ ನಡೀಬೇಕು," ಎಂದೆ.

"ನಡದ್ರ ಮತ್ತ ಸವೀತಾವಲ್ಲ ತಂಗಿ."

"ಅವೇನ್ ಟೈರ್ ಅಲ್ಲ. ಒಳಗ ಜೀವ ಐತಿ. ನಡದಾಗನ ಅದಕ್ಕ ಉಣ್ಣಾಕ ಸಿಗ್ತೈತಿ."

ದೊಡ್ಡಪ್ಪ ಪೇಪರಿನ ಮರೆಯಿಂದಲೇ, "ಆಕಿ ಓದಿದಾಕಿ, ಹೇಳ್ತಾಳ. ನೀ ಕುಂದರು," ಎಂದರು.

ದೊಡ್ಡವ್ವ ನನ್ನ ಕೈ ಹಿಡಿದು ದನಿ ತಗ್ಗಿಸಿದಳು. "ನಮ್ಮ ಹುಡುಗಿ ಮೊಣಕಾಲಿಗೆ ಔಷಧ ಕಂಡ್‌ಹಿಡ್ಯಾಕತ್ತಾಳ ಅಂತ ಓಣಿಗೆಲ್ಲಾ ಹೇಳೇನಿ. ಅದು ಬರೂತನಕ ಇಷ್ಟಾರ ಉಳೀಲಿ ಅಂತ ಕುಂತೇನಿ. ಯಾವಾಗ ಬರ್ತೈತಿ?"

ದೊಡ್ಡ ದೊಡ್ಡ ಸಭೆಗಳಲ್ಲಿ ಈ ಪ್ರಶ್ನೆ ಬಂದಾಗ "ಫಲಿತಾಂಶ ಆಶಾದಾಯಕವಾಗಿದೆ" ಎಂದು ಹೇಳಿ ಪಾರಾಗಿದ್ದೇನೆ. ದೊಡ್ಡವ್ವನ ಮುಖ ನೋಡುತ್ತ ಅದನ್ನು ಹೇಳಲು ಬಾಯಿ ಬರಲಿಲ್ಲ.

"ನಿನ್ನ ಕಾಲಕ್ಕ ಬರೂದಿಲ್ಲ ದೊಡ್ಡವ್ವ."

ಆಕೆ ನನ್ನ ಕೈ ಬಿಟ್ಟಳು. ನನಗೆ ಅಳು ಬಂತು, ಆಕೆಗೆ ಸಿಟ್ಟು ಬಂತು.

"ಹಂಗಾದ್ರ ಇವನ್ನ ಯಾರ ಸಲುವಾಗಿ ಇಟ್ಟೇನಿ?" ಎಂದವಳೇ ಕುರ್ಚಿಯ ಹಿಡಿ ಒತ್ತಿ ಎದ್ದಳು. ಗೋಡೆ ಹಿಡಿದುಕೊಂಡು, ನನ್ನನ್ನೂ ನನ್ನ ವಿಜ್ಞಾನವನ್ನೂ ಸೇರಿಸಿ ಬೈಯುತ್ತ, ಚಹಾ ಮಾಡಲು ಅಡುಗೆಮನೆಗೆ ನಡೆದಳು.