ಜಪಾನಿನ ಆಟ, ಚಿಕ್ಕೇರೂರಿನ ಕಂಬ

ಹಾನಗಲ್ಲಿನಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಅಂಗಡಿಯವನೊಬ್ಬ ಗಿರಾಕಿಯ ಮುಂದೆ ಹೊಸ ತಾಡಪತ್ರಿಯನ್ನು ಝಾಡಿಸಿ ಬಿಚ್ಚಿದ. ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಪಕ್ಕದ ದೀಪದ ಕಂಬದಿಂದ ದೂರ ಸರಿದು ನಿಂತಿದ್ದೆ. ನಗಬೇಡಿ. ಕಂಬಗಳ ಕೆಳಗೆ ನಿಲ್ಲುವ ಧೈರ್ಯ ನನಗೀಗ ಇಲ್ಲ. ಶಿಗ್ಗಾವಿಯಲ್ಲಿ ಗೆಳೆಯನ ಮದುವೆಗೆ ಹೋದವನು ಹಂದರದ ಹೊರಗೆ ಬಿಸಿಲಲ್ಲಿ ನಿಂತೇ ಅಕ್ಷತೆ ಎಸೆದೆ; ಅದು ವಧೂವರರನ್ನು ಮುಟ್ಟಿರಲಾರದು. ಸವಣೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನನ್ನು ನೋಡಿ, ಇವನಿಗೆ ಆಕಾಶ ಕಳಚಿ ಬೀಳುವ ಚಿಂತೆ ಎಂದು ಜೊತೆಯವರು ಆಡಿಕೊಳ್ಳುತ್ತಾರೆ.

ಇದಕ್ಕೆಲ್ಲ ಮೂಲ ಜಪಾನಿನಲ್ಲಿ ನಡೆದ ಒಂದು ಆಟ ಎಂದರೆ ನೀವು ನಂಬಲಿಕ್ಕಿಲ್ಲ.

ನನ್ನ ದೊಡ್ಡಪ್ಪನ ಮಗಳು ಗಂಗಕ್ಕ ಚಿಕ್ಕೇರೂರಿನ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಾಳೆ. ನಮ್ಮ ಮನೆತನದಲ್ಲಿ ಅವಳಷ್ಟು ಎತ್ತರದವರು ಯಾರೂ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎಂದರೆ ಅವಳಿಗೆ ಹುಚ್ಚು. ಅಲ್ಲಿಯ ಸಂಜೆಯ ಆಟ ನಮಗೆ ನಸುಕಿನಲ್ಲಿ ಬರುತ್ತದೆ, ರೊಟ್ಟಿ ಬಡಿಯುವ ಹೊತ್ತಿಗೆ. ಒಂದು ಕಣ್ಣು ಹಂಚಿನ ಮೇಲೆ, ಒಂದು ಫೋನಿನ ಮೇಲೆ. ರೊಟ್ಟಿ ಎಷ್ಟು ಹೊತ್ತಿ ಕರಕಾಗಿದೆ ಎಂಬುದರ ಮೇಲೆ ಆಟ ಎಷ್ಟು ಬಿರುಸಾಗಿತ್ತೆಂದು ಹೇಳಬಹುದಿತ್ತು. ಆದರೆ ಆ ವರ್ಷ ಲೀಗಿನವರು ತಮ್ಮ ಎರಡು ತಂಡಗಳನ್ನು ಜಪಾನಿಗೆ ಕರೆದೊಯ್ದು ಆಡಿಸಿದರು. ಜಪಾನಿನ ಸಂಜೆ ನಮಗೆ ಮಧ್ಯಾಹ್ನ. ರವಿವಾರ ಬೇರೆ. ಗಂಗಕ್ಕ ಶಾಲೆಯ ಪಡಸಾಲೆಯಲ್ಲಿ ಟಿವಿ ಇಟ್ಟು, ತನ್ನ ತಂಡದ ಹುಡುಗಿಯರನ್ನು ಕೂಡಿಸಿ, ನನ್ನನ್ನೂ ಕರೆದಿದ್ದಳು.

ಶಾಲೆಯ ಕೋರ್ಟಿನದು ಗಚ್ಚಿನ ನೆಲ. ಸುಗ್ಗಿಯಲ್ಲಿ ರಿಂಗಿನ ಮುಂದಿನ ಒಂದಿಷ್ಟು ಜಾಗ ಹುಡುಗಿಯರಿಗೆ, ಉಳಿದದ್ದೆಲ್ಲ ಊರವರು ಒಣಹಾಕುವ ಗೋವಿನಜೋಳಕ್ಕೆ. ಅಂದು ಪಕ್ಕದ ಮನೆಯ ಬಸವ್ವ ತನ್ನ ರಾಶಿ ಕಾಯುತ್ತ ಬಾಗಿಲಲ್ಲೇ ಕೂತು ಟಿವಿ ನೋಡುತ್ತಿದ್ದಳು.

“ಅಮೆರಿಕದವರು ಅಮೆರಿಕದವರ ಜೋಡೀನ ಆಡಾಕ ಜಪಾನಿಗ್ಯಾಕ ಹೋಗಬೇಕವಾ? ಅವರೂರಾಗ ಜಾಗ ಇಲ್ಲೇನು?”

“ಅಲ್ಲೀ ಕೋರ್ಟಿನ್ಯಾಗ ನಿನ್ನಂಥಾಕಿ ಯಾರೋ ಗೋವಿನಜ್ವಾಳ ಹರವ್ಯಾಳ, ಅದಕ್ಕ” ಎಂದಳು ಗಂಗಕ್ಕ.

“ಹರವಲಿ ಬಿಡು. ಚಂಡು ತಿಂದ್ರ ಹೊಟ್ಟಿ ತುಂಬತೈತೇನು?”

ನನಗೆ ನಮ್ಮ ನಾಟಕದ ಕಂಪನಿಗಳು ನೆನಪಾದವು. ಅವೂ ಹೀಗೆಯೇ, ಪರದೆ ಪೆಟ್ಟಿಗೆ ಕಟ್ಟಿಕೊಂಡು ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದವಲ್ಲ. ಅತ್ತ ಜಪಾನಿನಲ್ಲಿ ಆಟಗಾರನೊಬ್ಬ ಹಾರಿ, ಚೆಂಡನ್ನು ರಿಂಗಿನೊಳಗೆ ತುರುಕಿ, ಅದಕ್ಕೇ ಜೋತುಬಿದ್ದ. ಟಿವಿಯವರು ಅದನ್ನೇ ನಿಧಾನವಾಗಿ ಮತ್ತೆ ತೋರಿಸಿದರು. ನೀರಿನಲ್ಲಿ ಈಜುತ್ತಿದ್ದಾನೆ ಎನ್ನುವ ಹಾಗೆ ಅವನು ತೂಗಿದ. ಹೊರಗೆ ಮೋಡ ಕವಿದು ಬಸವ್ವ ಎದ್ದು ಓಡಿದ್ದನ್ನು ನಾವು ಯಾರೂ ಗಮನಿಸಲಿಲ್ಲ.

ಆಟದ ನಡುವೆ ಬಿಡುವು ಬಂತು. “ಅಕ್ಕೋರ, ನೀವೂ ಹಂಗ ಜೋತು ತೋರಸ್ರಿ!” ಎಂದು ಹುಡುಗಿಯರು ಗಂಟುಬಿದ್ದರು. “ನನ್ನ ಭಾರ ನೋಡೀರೇನ್ರೇ?” ಎನ್ನುತ್ತಲೇ ಗಂಗಕ್ಕ ವೇಲನ್ನು ಸೊಂಟಕ್ಕೆ ಬಿಗಿದು ಹೊರಟಳು. ಹುಡುಗಿಯರು ರಿಂಗಿನ ಕೆಳಗೆ ಬೆಂಚು ತಂದಿಟ್ಟರು.

ಆ ರಿಂಗಿನ ಕಂಬ ನೆಲದಲ್ಲಿ ಹೂತದ್ದಲ್ಲ. ಗಾಲಿಯ ಮೇಲಿನ ಕಬ್ಬಿಣದ ಕಂಬ, ಹಿಂದಿನ ಪೆಟ್ಟಿಗೆಯಲ್ಲಿ ಹೇರಿದ ಉಸುಕಿನ ಚೀಲಗಳ ಭಾರಕ್ಕೆ ನಿಂತದ್ದು. ಗಾಳಿ ಎದ್ದಾಗ ಬಸವ್ವ ರಾಶಿಯ ಮೇಲೆ ಹೊಸ ತಾಡಪತ್ರಿ ಹೊಚ್ಚಿ, ಅದು ಹಾರದಿರಲೆಂದು ಆ ಚೀಲಗಳನ್ನೇ ತಂದು ಅಂಚಿಗೆ ಇಟ್ಟಿದ್ದಳು. ಸುಗ್ಗಿಯಲ್ಲಿ ನಮ್ಮ ಕಡೆ ಸುಮ್ಮನೆ ಬಿದ್ದಿರುವ ಭಾರವೆಲ್ಲ ರಾಶಿಯ ಪಾಲು. ಕಲ್ಲಾಗಲಿ, ಹಳೇ ಟೈರಾಗಲಿ, ಯಾರೂ ಕೇಳಿ ಒಯ್ಯುವುದಿಲ್ಲ.

ಮುಂದಿನದನ್ನು ನನ್ನ ತಲೆಯೂ ಟಿವಿಯವರ ಹಾಗೆ ನಿಧಾನವಾಗಿಯೇ ತೋರಿಸುತ್ತದೆ. ಗಂಗಕ್ಕ ಬೆಂಚಿನಿಂದ ಹಾರುತ್ತಾಳೆ. ರಿಂಗು ಹಿಡಿಯುತ್ತಾಳೆ. ನನ್ನ ಕಡೆ ನೋಡಿ ನಗುತ್ತಾಳೆ. ಆಮೇಲೆ ಆಕಾಶವೇ ಬಾಗಿದಂತೆ ಕಂಬದ ಬುಡ ಅವಳ ಹಿಂದೆ ಏಳುತ್ತದೆ, ಸದ್ದಿಲ್ಲದೆ. ನಾನು ಕೂಗುತ್ತೇನೆ. ಆ ಕೂಗು ಅವಳನ್ನು ಮುಟ್ಟುವುದೇ ಇಲ್ಲ. ಅವಳು ಬಲಭುಜದ ಮೇಲೆ ಗಚ್ಚಿಗೆ ಬೀಳುತ್ತಾಳೆ; ಹಲಗೆಯ ಅಂಚು ಬಸವ್ವನ ರಾಶಿಯಲ್ಲಿ ಹೂತು, ಅವಳ ಕಿವಿಯಿಂದ ಗೇಣು ದೂರದಲ್ಲಿ ನಿಲ್ಲುತ್ತದೆ. ತಾಡಪತ್ರಿ ಹರಿದು ಜೋಳ ಸರಸರನೆ ಅವಳ ಕೂದಲ ಮೇಲೆ ಸುರಿಯುತ್ತದೆ. ಒಳಗೆ ಟಿವಿಯಲ್ಲಿ ಜಪಾನಿನ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ.

ಹುಬ್ಬಳ್ಳಿಯಲ್ಲಿ ಭುಜದ ಆಪರೇಷನ್ ಆಯಿತು. ಬಸವ್ವ ಆಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು ಬಂದು, ಬುತ್ತಿಯನ್ನೂ ಬಿಚ್ಚದೆ ಅಳುತ್ತ ಕೂತಳು. “ನಿನ್ನ ರಾಶೀನ ನನ್ನ ತಲಿ ಉಳಿಸೇತಿ. ಅಳಬ್ಯಾಡ, ಚಟ್ನಿ ತೆಗಿ” ಎಂದಳು ಗಂಗಕ್ಕ. ಬಲಗೈ ಮಾತ್ರ ಭುಜದಿಂದ ಮೇಲೆ ಏಳಲಿಲ್ಲ. ಅವಳು ಮತ್ತೆ ಶಾಲೆಗೆ ಹೋದಳು, ಸೀಟಿ ಊದಿದಳು, ಖೋ-ಖೋ ಆಡಿಸಿದಳು. ರಿಂಗಿನ ಕಡೆ ಹೋಗಲಿಲ್ಲ. ಲೀಗಿನ ಆಟ ನೋಡುವುದನ್ನೂ ಬಿಟ್ಟಳು, ರೊಟ್ಟಿ ಬೆಳ್ಳಗಾದವು. ಬೆಳ್ಳಗಿನ ರೊಟ್ಟಿ ತಿನ್ನಲು ನನಗೆ ಸಂಕಟವಾಗುತ್ತಿತ್ತು.

ಈ ಸಲ ಲೀಗಿನವರ ಕ್ಯಾಂಪು ಯುರೋಪಿನಲ್ಲಂತೆ. ನಿನ್ನೆ ಅವಳೇ ಫೋನು ಮಾಡಿ, “ರಾತ್ರಿ ಆಟ ಐತಿ, ಸಂಜಿಗೇ ಬಾ” ಎಂದಳು. ಹಾನಗಲ್ಲಿನಿಂದ ಚಿಕ್ಕೇರೂರಿಗೆ ಬಂದಿಳಿದಾಗ ಅವಳು ಮನೆಯಲ್ಲಿರಲಿಲ್ಲ. ಕೋರ್ಟಿನಲ್ಲಿ ಒಬ್ಬಳೇ ನಿಂತಿದ್ದಳು, ಎಡಗೈಯಲ್ಲಿ ಚೆಂಡು.

“ಹೊಸಾ ಕಂಬ ಹಾಕ್ಯಾರ. ಸಿಮೆಂಟಿನ್ಯಾಗ ಹುಗದಾರ. ಗೊತ್ತೈತಿ ನನಗ” ಎಂದಳು. ಚೆಂಡನ್ನು ಒಮ್ಮೆ ಪುಟಿಸಿ, “ಆದ್ರೂ ಕಾಲು ಮುಂದ ಬರವಲ್ದೋ” ಎಂದಳು.

ನಾನು ಚೀಲ ಕೆಳಗಿಟ್ಟೆ. ಹೋಗಿ ಕಂಬವನ್ನು ತಬ್ಬಿ ನಿಂತೆ. ತಲೆಯ ಮೇಲೆ ಹಲಗೆ, ರಿಂಗು, ಸಂಜೆಯ ಬಿಳಿ ಆಕಾಶ.

“ಏನು ಮಾಡಾಕತ್ತೀಯೋ?”

“ಹಿಡ್ಕೊಂಡೇನಿ. ನೀ ಒಗಿ.”

ಅವಳು ನಗಲಿಲ್ಲ. ಒಂದು ಹೆಜ್ಜೆ ಬಂದಳು, ಇನ್ನೊಂದು ಬಂದಳು, ಎಡಗೈಯಿಂದ ಒಗೆದಳು. ಚೆಂಡು ಹಲಗೆಗೆ ಬಡಿದು ಹೊರಗೆ ಹಾರಿತು. ಕಂಬದ ನಡುಕ ನನ್ನ ಪಕ್ಕೆಲುಬುಗಳಿಗೆ ಇಳಿದು, ಅಲ್ಲಿಯೇ ಕರಗಿತು. ಕಣ್ಣು ಮುಚ್ಚಿದ್ದೆ, ಕೈ ಸಡಿಲಿಸಿರಲಿಲ್ಲ.

“ಬಿಡಬ್ಯಾಡ” ಎಂದಳು ಗಂಗಕ್ಕ, ಚೆಂಡಿನ ಹಿಂದೆ ಓಡುತ್ತ. “ಇನ್ನೊಮ್ಮೆ ಒಗೀತೇನಿ.”