ಅಮಸಿದ್ದಪ್ಪ ಹೊಲ ತಪ್ಪಿದ್ದು

ಹಿಪ್ಪರಗಿಯಿಂದ ಹೊಳೆಯ ಗುಂಟ ಬಂದರೆ ನಮ್ಮೂರು. ಊರ ಬೆನ್ನಿಗೇ ಬಿಳಿಟಗರ ಗುಡ್ಡ. ಅದರ ಮೇಲೆ ಈಗ ಬಿಳಿ ಟಗರು ಒಂದೂ ಇಲ್ಲ, ಇರುವುದೆಲ್ಲ ಅಮಸಿದ್ದಪ್ಪನ ಕರಿ ಕುರಿಗಳು. ಸಂಸ್ಥಾನದ ಕಾಲದಲ್ಲಿ ಯಾವನೋ ಇಂಗ್ಲಿಷ್ ಸಾಹೇಬ ನುಣುಪು ಉಣ್ಣೆಯ ಆಸೆಗೆ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಟಗರು ತರಿಸಿ ಇಲ್ಲಿ ಬಿಟ್ಟನಂತೆ. ಆ ದೇಶದ ಬೆಟ್ಟಗಳ ತಂಪಿನಲ್ಲಿ ಬೆಳೆದ ಜೀವಗಳು ನಮ್ಮ ಬಿಸಿಲು, ಜಾಲಿಮುಳ್ಳು ನೋಡಿ ಮೇಯುವುದನ್ನೇ ಬಿಟ್ಟವು. ಆಗ ಅಮಸಿದ್ದಪ್ಪನ ಮುತ್ತಜ್ಜ ಜಕ್ಕಪ್ಪ ದಿನಾ ಅವನ್ನು ಹೊಳೆಗಿಳಿಸಿ, ಮೈ ತೊಳೆದು, ಒಂದು ಬೇಸಿಗೆ ದಾಟಿಸಿದ. ಏನು ಬೇಕು ಕೇಳು ಎಂದ ಸಾಹೇಬನಿಗೆ ಈ ಪುಣ್ಯಾತ್ಮ ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಗುಡ್ಡದಿಂದ ಹೊಳೆಯವರೆಗೆ, ಹನ್ನೆರಡು ಕುರಿ ಅಕ್ಕಪಕ್ಕ ನಡೆಯುವಷ್ಟು ಅಗಲದ ದಾರಿ ಕೇಳಿದನಂತೆ. ಮುಂದೆ ಸಾಹೇಬ ಹೋದ, ಅವನ ಟಗರೂ ಹೋದವು, ದಾರಿ ಉಳಿಯಿತು. ಕತೆ ಎಷ್ಟು ಖರೆಯೋ ನನಗೆ ತಿಳಿಯದು. ಆದರೆ ಅಮಸಿದ್ದಪ್ಪ ಹೇಳುವಾಗ ನಾನು ಪ್ರತಿ ಸಲ ನಂಬಿದ್ದೇನೆ.

ಅಮಸಿದ್ದಪ್ಪನಿಗೆ ಅರವತ್ತು ದಾಟಿದೆ. ಹೆಗಲ ಮೇಲೆ ಕಂಬಳಿ, ಕಂಬಳಿಯ ಮಡಿಕೆಯಲ್ಲಿ ಮೊಬೈಲು, ಅದು ರಿಂಗಾದರೆ ಡೊಳ್ಳಿನ ಸದ್ದು. ಮಾತು ಮಾತಿಗೆ ನಗುವ ಮನುಷ್ಯ. ತುಂಟ ಕುರಿಗಳಿಗೆ ತನ್ನ ಬೀಗರ ಹೆಸರಿಟ್ಟು ಮನಸಾರೆ ಬೈಯುತ್ತಾನೆ. ಅವನ ಹೆಂಡತಿ ಸುಂದರವ್ವ ಅಷ್ಟೇ ಕಡಿಮೆ ಮಾತಿನವಳು, ಉಣ್ಣೆ ನೂಲುತ್ತ ಎಲ್ಲವನ್ನೂ ನೋಡುತ್ತಿರುತ್ತಾಳೆ.

ಕಳೆದ ವರ್ಷ ಅವರ ಮಗಳು ಶೈಲಾಳ ಮದುವೆ ಗೊತ್ತಾಯಿತು. ಅವರಲ್ಲಿ ಮದುಮಕ್ಕಳು ಕೂರುವುದು ಮನೆಯ ಹಿಂಡಿನ ಉಣ್ಣೆಯಲ್ಲಿ ನೇಯ್ದ ಹೊಸ ಕಂಬಳಿಯ ಮೇಲೆ. ಕಂಬಳಿಗೆ ಉಣ್ಣೆ ಬೇಕು, ಉಣ್ಣೆ ಕತ್ತರಿಸುವ ಮೊದಲು ಕುರಿಗಳಿಗೆ ಹೊಳೆಯ ಸ್ನಾನ ಆಗಬೇಕು. ಆದರೆ ಅದೇ ವರ್ಷ ಗಿರಿಮಲ್ಲಪ್ಪ ಆ ಹಳೆಯ ದಾರಿಗೆ ಹೊಳೆಯ ಕಡೆ ಅಡ್ಡಲಾಗಿ ತಂತಿಬೇಲಿ ಹಾಕಿಬಿಟ್ಟಿದ್ದ. ದಾರಿ ಅವನ ಹೊಲದ ನಡುವೆ ಹಾಯುತ್ತದೆ, ಕುರಿಗಳು ಹೋಗುತ್ತ ಬರುತ್ತ ಕಬ್ಬಿನ ಎಳೆ ಸುಳಿಗೆ ಬಾಯಿ ಹಾಕುತ್ತವೆ, ಅದು ಅವನ ತಕರಾರು. ತಕರಾರು ಸುಳ್ಳೇನೂ ಅಲ್ಲ. ಗಿರಿಮಲ್ಲಪ್ಪ ಮುಂಗೋಪಿ, ಆದರೆ ಯಾರದನ್ನೂ ಪುಕ್ಕಟೆ ತಿಂದವನಲ್ಲ.

ಡಾಂಬರು ರಸ್ತೆಯಲ್ಲಿ ಸುತ್ತಿ ಹೋಗೋಣವೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಬರುತ್ತವೆ. ಅಮಸಿದ್ದಪ್ಪ ಟ್ಯಾಂಕರಿನ ನೀರು ತರಿಸಿ ನೋಡಿದ. ಪೈಪು ಬಿಟ್ಟದ್ದೇ ತಡ, ಹಿಂಡು ಗುಡ್ಡದ ತುಂಬ ಚೆಲ್ಲಾಪಿಲ್ಲಿಯಾಯಿತು. ಅಂದು ಪೂರಾ ತೊಯ್ದು ತೊಪ್ಪೆಯಾದವನು ಅಮಸಿದ್ದಪ್ಪ ಒಬ್ಬನೇ. ಮದುವೆ ಹತ್ತಿರ ಬಂತು, ಅವನ ನಗು ಕಡಿಮೆಯಾಯಿತು. ಅದನ್ನು ನೋಡಿ ನನಗೂ ಸಂಕಟವಾಯಿತು.

ಆ ದಿನಗಳಲ್ಲೇ ನೀಲಕಂಠ ಹಿಂಡನ್ನು ತನ್ನ ಹೊಲದಲ್ಲಿ ತರುಬಲು ಕರೆದ. ತರುಬುವುದೆಂದರೆ ರಾತ್ರಿ ಕುರಿಗಳನ್ನು ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕುವುದು. ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ. ಹಿಂಡು ತರುಬಿದ ಮೇಲೆ ಕುರಿಯವನನ್ನು ಬರಿಗೈಯಲ್ಲಿ ಕಳಿಸಿದರೆ ಕುರಿಯವರ ದೇವರು ಬೀರೇಶ್ವರ ಮುನಿಯುತ್ತಾನೆಂದು ನಮ್ಮಲ್ಲಿ ಎಲ್ಲರಿಗೂ ಅಳುಕು. ನೀಲಕಂಠನ ಹೊಲ ಗಿರಿಮಲ್ಲಪ್ಪನ ಹೊಲಕ್ಕೆ ಹತ್ತಿಕೊಂಡೇ ಇದೆ. ಅಮಸಿದ್ದಪ್ಪ ಹೊಲಗಳನ್ನು ಗುರುತಿಸುವುದು ಬೆಳೆಯಿಂದ. ಎರಡೂ ಹೊಲದ ಕಬ್ಬು ಕಟಾವಾಗಿತ್ತು, ನಡುವಿನ ಬದು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ನೆಲಸಮವಾಗಿತ್ತು. ಮುಸ್ಸಂಜೆಯಲ್ಲಿ ಗಂಡ ಹೆಂಡತಿ ಬಲೆಯ ಎರಡು ತುದಿ ಹಿಡಿದು ಕಟ್ಟಿ ಮುಗಿಸಿದರು.

ಬೆಳಿಗ್ಗೆ ಬೈಕಿನಲ್ಲಿ ಬಂದವನು ನೀಲಕಂಠನಲ್ಲ, ಗಿರಿಮಲ್ಲಪ್ಪ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಶಿವಗಂಗವ್ವ ಇದ್ದಳು.

“ನನ್ನ ಹೊಲದಾಗ ಯಾಂವ ಹಿಂಡ ತರುಬು ಅಂದಾನ ಲೇ ನಿನಗ?” ಎಂದು ಗಿರಿಮಲ್ಲಪ್ಪ ಗಾಡಿ ಮೇಲಿಂದಲೇ ಕೇಳಿದ.

ಅಮಸಿದ್ದಪ್ಪನ ಮುಖ ಬಿಳಿಚಿತು. “ತಪ್ಪಾತ್ರಿ ಯಪ್ಪಾ. ನೀಲಕಂಠಪ್ಪನ ಹೊಲ ಅಂತ ತಿಳದ್ನಿ.”

ಅಷ್ಟರಲ್ಲಿ ನೀಲಕಂಠನೂ ಬುಟ್ಟಿ ಹಿಡಿದು ಓಡಿ ಬಂದ. “ಹಿಕ್ಕಿಯೇನೋ ಬಳಕೊಂಡ ಒಯ್ದೇನು. ನೆಲ ಕುಡದದ್ದನ್ನ ಹೆಂಗ ಹಿಂಡ್ಲಿ?” ಎಂದು ತಲೆಯ ಮೇಲೆ ಕೈ ಹೊತ್ತ. ಶಿವಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನುಂಗಿ ಗಂಡನ ಕಡೆ ತಿರುಗಿದಳು.

“ಹೊಲ ಉಂಡಾತು. ಈಗ ಜ್ವಾಳ ಅಳದ ಕೊಡ್ರಿ.”

“ಒಲ್ಲೆ ಯವ್ವಾ,” ಎಂದ ಅಮಸಿದ್ದಪ್ಪ. “ಕರೀಲಾರದ ಬಂದೇನಿ. ಯಾವ ಬಾಯಿಲೆ ಜ್ವಾಳ ಇಸಗೊಳ್ಳಿ? ಇವತ್ತ ರಾತ್ರಿ ನೀಲಕಂಠಪ್ಪನ ಹೊಲದಾಗ ತರುಬತೇನಿ, ಆತು.”

ಗಿರಿಮಲ್ಲಪ್ಪನಿಗೆ ಇಕ್ಕಟ್ಟಾಯಿತು. ಬೈದರೆ ಹೊಲದಲ್ಲಿ ಗೊಬ್ಬರ ಬಿದ್ದಿದೆ, ಕೊಟ್ಟರೆ ಇವನು ಮುಟ್ಟುವುದಿಲ್ಲ. ಪುಕ್ಕಟೆ ತಿಂದ ಹೆಸರು ಬರುವುದಂತೂ ಅವನಿಗೆ ಸಾವಿಗಿಂತ ಕಡೆ. “ಮತ್ತೇನ ತಗೋತಿ, ಬಾಯಿ ಬಿಡು,” ಎಂದು ಗದರಿದ. ಅಮಸಿದ್ದಪ್ಪ ಹೊಳೆಯ ಕಡೆಯ ಬೇಲಿಯನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

ಗಿರಿಮಲ್ಲಪ್ಪ ಬೈಕಿನ ಡಬ್ಬಿಯಿಂದ ಇಕ್ಕಳ ತೆಗೆದು ತಂತಿ ಕತ್ತರಿಸತೊಡಗಿದ. ಎರಡು ಕಂಬದ ನಡುವಿನ ತಂತಿ ಕತ್ತರಿಸಿ ನಿಂತು, “ಎಷ್ಟ ಅಗಲ?” ಎಂದ.

“ಹನ್ನೆರಡ ಕುರಿ ಅಗಲರಿ.”

“ದಾರಿ ಆಚಿ ಈಚಿ ಬಲಿ ಕಟ್ಟಿ ದಾಟಸು. ನಾಳೆ ಕಬ್ಬ ಚಿಗಿತ ಮ್ಯಾಲ ಒಂದ ಸುಳಿಗೆ ಬಾಯಿ ಹಾಕಿದ್ರ ನೋಡು ಮತ್ತ.” ಹಾಗೆಂದು ಇನ್ನೊಂದು ಕಂಬವನ್ನು ತಾನೇ ಅಲುಗಾಡಿಸಿ ಕಿತ್ತ.

ಮೂರನೆಯ ದಿನ ಹಿಂಡು ಹೊಳೆಗಿಳಿಯಿತು. ಬೀಗರ ಹೆಸರಿನ ಕುರಿಗಳನ್ನು ಒಂದೊಂದಾಗಿ ನೀರಿಗೆ ಎಳೆದು ತಿಕ್ಕುತ್ತ ಅಮಸಿದ್ದಪ್ಪ ನಕ್ಕ ನಗು ಆಚೆ ದಂಡೆಗೂ ಕೇಳಿರಬೇಕು. ದಂಡೆಯ ಮೇಲೆ ಕೂತು ನೋಡುತ್ತಿದ್ದ ನನಗೆ ಎಷ್ಟು ಹಿಗ್ಗಾಯಿತೆಂದರೆ, ಚಪ್ಪಲಿ ಬಿಟ್ಟು ನಾನೂ ನೀರಿಗಿಳಿದೆ.

ಮದುವೆಯಲ್ಲಿ ಶೈಲಾ ಕರಿ ಕಂಬಳಿಯ ಮೇಲೆ ಕೂತಿದ್ದಳು. ಗಿರಿಮಲ್ಲಪ್ಪ ಊಟದ ಮುಂದಿನ ಸಾಲಿನಲ್ಲೇ ಕೂತು, ಪಕ್ಕದವರಿಗೆ ಕಂಬಳಿ ತೋರಿಸಿ ತನ್ನ ದಾರಿಯ ಕತೆ ಹೇಳುತ್ತಿದ್ದ. ನಾನು ಸುಂದರವ್ವನ ಬಳಿ ಹೋಗಿ, “ನಿನ್ನ ಗಂಡ ಹೊಲ ತಪ್ಪಿದ್ದು ಛಲೋನ ಆತ ನೋಡು,” ಎಂದೆ.

ಸುಂದರವ್ವ ಮಗಳ ಕಡೆ ನೋಡುತ್ತಲೇ ಇದ್ದಳು. “ಆ ಸಂಜಿ ಅವ್ರಿಗೆ ಹೊಲದ ಗುರ್ತ ಹತ್ತಲಿಲ್ಲರಿ,” ಎಂದಳು. “ನನಗ ಹತ್ತಿತ್ತು.”

ಆಮೇಲೆ ಗಿರಿಮಲ್ಲಪ್ಪನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಲು ಹೋದಳು.