ರೊಟ್ಟಿ ಡಬ್ಬಿಯೊಳಗಿನ ದಕ್ಷಿಣ ಧ್ರುವ

ನೀಲಕ್ಕನ ಜೊತೆ ತರಕಾರಿ ಅಂಗಡಿಗೆ ಹೋಗುವುದಾದರೆ ಮಾನ ಮರ್ಯಾದೆಯನ್ನು ಕಾರಿನಲ್ಲೇ ಬಿಟ್ಟು ಇಳಿಯಬೇಕಿತ್ತು. ನಾವೆಲ್ಲ ಸೌತೆಕಾಯಿಯನ್ನು ಒತ್ತಿ ನೋಡಿದರೆ ಅವರು ಕಿವಿಗೆ ಹಿಡಿದು ತಿರುಚುತ್ತಿದ್ದರು. ಅವಲಕ್ಕಿ ಪೊಟ್ಟಣವನ್ನು ಅಲುಗಾಡಿಸಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಮ್ಮೆ ನಮ್ಮ ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯ ಅಂಗಡಿಯೊಂದರಲ್ಲಿ ಎಲೆಕೋಸುಗಳನ್ನು ಒಂದೊಂದಾಗಿ ಗುದ್ದುತ್ತಿದ್ದಾಗ ಅಲ್ಲಿನ ಹುಡುಗಿ ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು.

"ಒಬ್ಬನ ತಲಿ ಒಡೀಬೇಕಾಗೇತಿ. ಯಾವುದು ಛಲೋ ಒಡೀತದ ಅಂತ ನೋಡಾಕತ್ತೀನಿ ಅಂತ ಹೇಳವಾ ಆಕೀಗೆ" ಎಂದರು ನನಗೆ.

ನಾನು ಆ ಹುಡುಗಿಗೆ "ಪಲ್ಯಕ್ಕೆ" ಎಂದು ಅನುವಾದಿಸಿದೆ.

ಸಿನಿಮಾದಲ್ಲಿ ಕೇಳುವ ಹೆಜ್ಜೆ, ಹೊಡೆತ, ಮೂಳೆ ಮುರಿತ ಇವೆಲ್ಲ ಹೆಚ್ಚಾಗಿ ಚಿತ್ರೀಕರಣ ಮುಗಿದ ಮೇಲೆ ಯಾರೋ ಒಂದು ಕೋಣೆಯಲ್ಲಿ ಕೂತು ಮಾಡುವ ಸದ್ದುಗಳು. ಲಾಸ್ ಏಂಜಲೀಸಿನಲ್ಲಿ ಆ ಕೋಣೆಯಲ್ಲಿ ಕೂತವರಲ್ಲಿ ನೀಲಕ್ಕನೂ ಒಬ್ಬರು. ಅವರು ನನ್ನ ಗಂಡನ ಸೋದರತ್ತೆ, ಗದಗಿನವರು. ಅವರ ತಂದೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು. ಪರದೆಯ ಹಿಂದೆ ತಗಡು ಅಲುಗಾಡಿಸಿ ಗುಡುಗು ತರಿಸುವ ಕೆಲಸ ಏಳನೇ ವಯಸ್ಸಿಗೇ ಇವರ ಪಾಲಿಗೆ ಬಂದಿತ್ತಂತೆ. "ಮಳಿ ಬಂದದ್ದಕ್ಕಿಂತ ಹೆಚ್ಚು ಗುಡುಗು ನಾನ ಗುಡುಗೀನಿ ಗದಗಿನಾಗ" ಎಂದು ಜಂಬ ಕೊಚ್ಚುತ್ತಿದ್ದರು.

ಅವರ ಬಾಯಲ್ಲಿದ್ದ ಅತಿ ಕೆಟ್ಟ ಬೈಗುಳವೆಂದರೆ "ಸುಳ್ಳ ಸದ್ದು". ಬಾಗಿಲಿಗೂ ಅದೇ, ಭಾಷಣಕ್ಕೂ ಅದೇ. ಒಮ್ಮೆ ನನ್ನ ಗಂಡ ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾಗ ಅಡುಗೆಮನೆಯಿಂದ "ಸುಳ್ಳ ಸದ್ದು!" ಎಂದು ಕೂಗಿ ಇಬ್ಬರನ್ನೂ ನಗಿಸಿದ್ದರು. ಪಾಪ, ಆತ ಎರಡನೇ ಸಲ ಕೇಳಬೇಕಾಯಿತು.

ಕೊರೋನಾ ಇಳಿಮುಖವಾದ ವರ್ಷ ಅವರಿಗೊಂದು ಸಾಕ್ಷ್ಯಚಿತ್ರದ ಕೆಲಸ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ ದಕ್ಷಿಣ ಧ್ರುವದ ಕಡೆಗೆ ಹಡಗುಗಳನ್ನು ಕಳಿಸಿತ್ತಲ್ಲ, ಅದರ ಕಥೆ. ನಿರ್ದೇಶಕನ ಕೈಗೆ ಸಿಕ್ಕ ಹಳೆಯ ರೀಲುಗಳಲ್ಲಿ ಹಡಗಿತ್ತು, ಹಿಮವಿತ್ತು, ಪೆಂಗ್ವಿನ್ನುಗಳಿದ್ದವು, ಸದ್ದು ಮಾತ್ರ ಇರಲಿಲ್ಲ. ಆ ಹಡಗೊಂದರಲ್ಲಿ ಬಟ್ಟೆ ಒಗೆಯಲು ಹೋಗಿದ್ದ ವಾಲ್ಟರ್ ಎಂಬವರು ಸ್ಯಾನ್ ಡಿಯಾಗೋದಲ್ಲೇ ಇದ್ದರು. ಆಗ ಹದಿನೆಂಟರವರು, ಈಗ ತೊಂಬತ್ತು ದಾಟಿದವರು. ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಆದರೂ ಈ ಚಿತ್ರ ಮುಗಿಯುವುದನ್ನೇ ಕಾಯುತ್ತಿದ್ದರು.

"ಕಣ್ಣಿದ್ದೋರಿಗೆ ಹೆಂಗ ಮಾಡಿದ್ರೂ ನಡೀತದ" ಎಂದರು ನೀಲಕ್ಕ. "ಈ ಅಜ್ಜಾರಿಗೆ ಸಿನಿಮಾ ಅಂದ್ರ ನನ್ನ ಸದ್ದ ಅಷ್ಟ. ಅದು ಸುಳ್ಳಾತು ಅಂದ್ರ ಅವರು ಅಲ್ಲಿಗೆ ಹೋಗಾಕ ಆಗೂದಿಲ್ಲ."

ಲಾಸ್ ಏಂಜಲೀಸಿನಲ್ಲಿ ನಲವತ್ತು ವರ್ಷ ಬದುಕಿದರೂ ನೀಲಕ್ಕ ಫ್ರೀವೇ ಮೇಲೆ ಕಾರು ಓಡಿಸಿದವರಲ್ಲ. ನಮ್ಮೂರಿಗೆ ರೈಲಿನಲ್ಲಿ ಬಂದಿಳಿದರೆ ನಾನು ಸ್ಟೇಷನ್ನಿನಿಂದ ಕರೆದುಕೊಂಡು ಹೋಗಬೇಕು. ಹಾಗೆ ಮೊದಲ ಸಲ ಸಮುದ್ರದ ಎದುರಿಗಿದ್ದ ವಾಲ್ಟರರ ಮನೆಗೆ ಹೋದೆವು. ನೀಲಕ್ಕ ತಾವು ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರು. ಮೆಕ್ಕೆಜೋಳದ ಹಿಟ್ಟಿನ ಚೀಲವನ್ನು ಹಿಸುಕಿ ಮಾಡಿದ ಹಿಮದ ಹೆಜ್ಜೆಗೆ ಅಜ್ಜ ತಲೆದೂಗಿದರು. ಪೆಂಗ್ವಿನ್ನುಗಳ ಪಟಪಟಕ್ಕೆ ಬಾಯಿ ತುಂಬ ನಕ್ಕರು. ಅದು ನೀಲಕ್ಕ ಜೋಳದ ರೊಟ್ಟಿ ಬಡಿದ ಸದ್ದು ಎಂದು ಅವರಿಗೇನು ಗೊತ್ತು! ಆಮೇಲೆ ಹಡಗಿಗೆ ಮಂಜುಗಡ್ಡೆ ತಾಗುವ ಸದ್ದು ಬಂತು. ಅದಕ್ಕಾಗಿ ನೀಲಕ್ಕ ಒಂದು ತಿಂಗಳು ಗಾಜು, ಬಲ್ಬು, ಪಿಂಗಾಣಿ ಎಲ್ಲ ಒಡೆದಿದ್ದರು.

ಅಜ್ಜ ಹೆಡ್‌ಫೋನು ತೆಗೆದು, "ತಪ್ಪು ತಿಳಿಯಬೇಡಿ. ಇದು ನನ್ನ ಫ್ರಿಜ್ಜಿನ ಐಸಿನ ಸದ್ದು" ಎಂದರು.

ವಾಪಸ್ಸು ಬರುವಾಗ ನೀಲಕ್ಕ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ನಾನು ಸಮಾಧಾನ ಮಾಡಲು ಹೋಗಿ, ಅಷ್ಟು ವರ್ಷದ ಹಿಂದಿನದು ಅವರಿಗಾದರೂ ಹೇಗೆ ನೆನಪಿರುತ್ತದೆ ಎಂದೆ.

"ಅವರು ಅಲ್ಲಿ ಇದ್ದರು. ನೀ ಇದ್ದೇನು? ಸುಮ್ನ ರೋಡ್ ನೋಡಿ ಡ್ರೈವ್ ಮಾಡು."

ಎರಡು ವಾರ ಕಳೆದು ರಾಂಚೊ ಬರ್ನಾರ್ಡೊದ ನಮ್ಮ ಮನೆಗೆ ಬಂದರು. ಜೊತೆಗೆ ಅವರ ದೊಡ್ಡ ಸ್ಟೀಲ್ ಡಬ್ಬಿ, ಅದರ ತುಂಬ ಅವರೇ ಮಾಡಿದ ಕಡಕ್ ರೊಟ್ಟಿ. ಮಧ್ಯಾಹ್ನ ಊಟಕ್ಕೆ ಕೂತು ನನ್ನ ಗಂಡ ಮೊದಲ ರೊಟ್ಟಿ ಮುರಿದ. ನೀಲಕ್ಕ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತರು.

"ಇನ್ನೊಂದು ಮುರಿ."

ಆತ ಮುರಿದ.

"ಸಾವಕಾಶ ಮುರಿಯೋ, ಹಸದಾಂವನ ಗತೆ ಮಾಡಬ್ಯಾಡ!"

ಒಂದಾದ ಮೇಲೊಂದು ಮುರಿದದ್ದೇ ಮುರಿದದ್ದು. ಎಣ್ಣೆಗಾಯಿ ಪಲ್ಯ ಆರಿ ತಣ್ಣಗಾಯಿತು. ನಮಗೆ ಕೊನೆಗೆ ಸಿಕ್ಕಿದ್ದು ರೊಟ್ಟಿ ಚೂರು. ರೆಕಾರ್ಡು ಮಾಡಿ ಕಳಿಸೋಣ ಎಂದರೆ ಅವರು ಕೇಳಲಿಲ್ಲ. ಅಜ್ಜಾರ ಎದುರಿಗೇ ಮುರಿಯಬೇಕು ಎಂದು ಹಟ ಹಿಡಿದು, ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಹೊರಟರು.

ಅಲ್ಲಿ ಹೋಗಿ ನೋಡಿದರೆ ಫಜೀತಿ. ಕಡಲ ಮೇಲಿನ ಮಂಜು ಮನೆಯೊಳಗೇ ಬಂದು ಕೂತಿತ್ತು. ದಾರಿಯಲ್ಲಿ ಹತ್ತು ಸಲ ಮುಚ್ಚಳ ತೆಗೆದು ನೋಡಿದ್ದರ ಫಲವೋ ಏನೋ, ಗದಗಿನ ಕಡಕ್ ರೊಟ್ಟಿ ಮುರಿಯುವ ಬದಲು ವಿನಯದಿಂದ ಬಾಗಿತು. ನೀಲಕ್ಕ ಸಮುದ್ರಕ್ಕೆ ಹಿಡಿಶಾಪ ಹಾಕಿ, ಅಜ್ಜನ ಓವನ್ ಹಚ್ಚಿ, ರೊಟ್ಟಿಗಳನ್ನೆಲ್ಲ ಮತ್ತೆ ಗರಿಗರಿ ಮಾಡಿದರು. ಆಮೇಲೆ ಅಜ್ಜನ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಮುರಿದರು.

ಅಜ್ಜ ರೊಟ್ಟಿಯ ಮುರಿದ ಅಂಚನ್ನು ಬೆರಳಿನಿಂದ ಸವರಿದರು. "ಹತ್ತಿರ ಬಂದಿದ್ದೀರಿ. ಆದರೆ ಇದು ಮೇಲೆ ಡೆಕ್ಕಿನಲ್ಲಿ ನಿಂತವರಿಗೆ ಕೇಳಿದ್ದು. ನಾನು ಕೆಳಗಿದ್ದೆ. ನಿಜ ಹೇಳಬೇಕೆಂದರೆ ನಾನು ಮಂಜುಗಡ್ಡೆ ನೋಡಿದ್ದೇ ಕಡಿಮೆ, ಬರೀ ಪ್ಯಾಂಟು ಒಗೆದೆ. ಮಲಗುತ್ತಿದ್ದ ಜಾಗಕ್ಕೂ ಸಮುದ್ರಕ್ಕೂ ನಡುವೆ ಒಂದು ಉಕ್ಕಿನ ತಗಡು. ದಿಂಬಿನ ಪಕ್ಕದಲ್ಲೇ ಮಂಜುಗಡ್ಡೆ ಮುರಿಯುತ್ತ ಹೋಗುತ್ತಿತ್ತು."

ತಗಡು ಎಂದದ್ದೇ ತಡ, ನೀಲಕ್ಕನ ಮುಖ ಬೆಳಗಿತು. ಡಬ್ಬಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು. ಅಜ್ಜನ ತಲೆಯನ್ನು ಮೆಲ್ಲಗೆ ಹಿಡಿದು ಡಬ್ಬಿಯ ಹೊರಮೈಗೆ ಕಿವಿ ಆನಿಸಿದರು. ಮೊಣಕೈವರೆಗೂ ಕೈಗಳನ್ನು ಒಳಗೆ ತೂರಿಸಿ, ಡಬ್ಬಿಯ ಗೋಡೆಗೆ ತಾಗಿಸುತ್ತ ಒಂದು ರೊಟ್ಟಿಯನ್ನು ಅಂಚಿನಿಂದ ಅಂಚಿಗೆ ಮುರಿಯುತ್ತ ಹೋದರು.

ಅಜ್ಜ "ಇನ್ನೊಮ್ಮೆ" ಎಂದರು. ಆಮೇಲೆ ಮತ್ತೆ, "ಇನ್ನೊಮ್ಮೆ."

ಹೊರಗೆ ಮಂಜು ಸರಿದು ಬಿಸಿಲು ಬಂದಿತ್ತು, ಜನ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದರು. ಅಜ್ಜನ ಬಲಗೈ ಎದೆಯ ಮೇಲೆ ತಡಕಾಡಿ, ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿಕೊಂಡಿತು.

"ಥಂಡಿ ಹತ್ತೇತಿ ನೋಡವಾ ಅವರಿಗೆ" ಎಂದ ನೀಲಕ್ಕನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಎರಡೂ ಕೈ ಡಬ್ಬಿಯೊಳಗಿದ್ದವು, ನಾನೇ ಅವರ ಸೆರಗಿನಿಂದ ಒರೆಸಿದೆ. ಅಂಥ ಸಂತೋಷವನ್ನು ಅವರ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ. ಉಳಿದ ಚೂರುಗಳನ್ನು ಅಜ್ಜ ಶೇಂಗಾ ಚಟ್ನಿಯ ಜೊತೆ ತಿಂದು, ಕೆಮ್ಮಿ, ಇನ್ನಷ್ಟು ಕೇಳಿದರು.

ಲಾಸ್ ಏಂಜಲೀಸಿನ ಒಂದು ಪುಟ್ಟ ಥಿಯೇಟರಿನಲ್ಲಿ ಚಿತ್ರ ತೋರಿಸಿದಾಗ ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದರು. ನಾವಿಕರು ಮಲಗಿದ ದೃಶ್ಯಕ್ಕೆ ಡಬ್ಬಿಯ ಸದ್ದು ಬಂದಾಗ ಅಜ್ಜ ತಲೆಯನ್ನು ಎಡಕ್ಕೆ ವಾಲಿಸಿದರು. ಅಲ್ಲಿ ಉಕ್ಕಿನ ಗೋಡೆ ಇರಲಿಲ್ಲ, ನೀಲಕ್ಕನ ಭುಜವಿತ್ತು. ಚಿತ್ರ ಮುಗಿಯುವವರೆಗೂ ನೀಲಕ್ಕ ಅಲುಗಾಡಲಿಲ್ಲ.

ಹೋದ ವರ್ಷ ನೀಲಕ್ಕ ತೀರಿಕೊಂಡರು. ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಹಾಸಿಗೆಯ ಪಕ್ಕ ಮಿಡಿಯುತ್ತಿದ್ದ ಯಂತ್ರವನ್ನು ತೋರಿಸಿ, "ಸುಳ್ಳ ಸದ್ದು. ನಾ ಇದಕ್ಕಿಂತ ಛಲೋ ಮಾಡೀನಿ" ಎಂದು ನಕ್ಕರು. ಅವರ ಕೋಣೆ ಖಾಲಿ ಮಾಡಲು ಹೋದಾಗ ಸಾಲು ಸಾಲು ಡಬ್ಬಿಗಳು ಸಿಕ್ಕವು. ಎಲ್ಲದರ ಮೇಲೂ ಅವರ ಕೈಬರಹದ ಚೀಟಿ: ಹಿಮದ ಹೆಜ್ಜಿ. ಸಣ್ಣ ಮಳಿ. ಎಲುಬು. ದೊಡ್ಡ ಸ್ಟೀಲ್ ಡಬ್ಬಿಯ ಮೇಲೆ: ವಾಲ್ಟರ್ ಅಜ್ಜಾರ ಹಡಗ. ತಿನ್ನಬ್ಯಾಡ್ರಿ.

ಒಳಗೆ ಆರು ರೊಟ್ಟಿ ಇದ್ದವು. ನಾನು ಬಹಳ ಅತ್ತೆ. ಆಮೇಲೆ ಅಜ್ಜನಿಗೆ ಫೋನು ಮಾಡಿ, ಡಬ್ಬಿ ಸಮೇತ ಅವರ ಮನೆಗೆ ಹೋದೆ.

ಅವರು ಮೇಜಿನ ಮೇಲೆ ತಡವಿ, ಡಬ್ಬಿ ಹುಡುಕಿ, ಕಿವಿ ಆನಿಸಿ ಕಾಯುತ್ತ ಕೂತರು. ನಾನು ಒಳಗೆ ಕೈ ಹಾಕಿ ರೊಟ್ಟಿ ಹಿಡಿದೆ. ಅದು ಬಾಗಿತು.

"ಮೆತ್ತಗಾಗಿವೆ" ಎಂದೆ.

"ಓವನ್ ಹಚ್ಚಿ" ಎಂದರು ಅಜ್ಜ, ತಲೆ ಎತ್ತದೆ. "ನನಗೇನೂ ಅವಸರವಿಲ್ಲ."

ನಾನು ಓವನ್ ಹಚ್ಚಿ ತಿರುಗಿ ನೋಡಿದೆ. ಅವರು ಆಗಲೇ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು.